ಹೈಲೈಟ್ ಬಿಡಿ, ಆ ಹುಡುಗ ಸೋತ ಪಂದ್ಯ ಹುಡುಕಿ

ನಮ್ಮ ಕಾಲೇಜು ತಂಡಕ್ಕೆ ಬರಲಿರುವ ಹೈಸ್ಕೂಲ್ ಕ್ವಾರ್ಟರ್‌ಬ್ಯಾಕ್ (ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಎಸೆಯುವವನು, ನಮ್ಮ ಬಾಯಲ್ಲಿ ಕ್ಯೂಬಿ) ಬಗ್ಗೆ ನಿನ್ನೆ ರಾತ್ರಿ ನೀವು ಗುಂಪಿನಲ್ಲಿ ಹಾಕಿದ ನಾಲ್ಕು ನಿಮಿಷದ ವಿಡಿಯೋ ನೋಡಿದೆ, ಹುಡುಗರು ತಮ್ಮ ಆಟದ ತುಣುಕು ಹಾಕುವ ಹಡ್ಲ್ ತಾಣದ್ದು. ಕೆಳಗೆ ಬರೆದದ್ದನ್ನೂ ಓದಿದೆ. "ನಾಲ್ಕು ಸ್ಟಾರ್, ಆರಡಿ ನಾಲ್ಕಿಂಚು, ಅರವತ್ತು ಗಜ ಎಸೀತಾನೆ, ಮುಂದಿನ ಸೀಸನ್ ಮೊದಲ ಪಂದ್ಯಕ್ಕೇ ಇವನೇ ಸ್ಟಾರ್ಟರ್, ಬರೆದಿಟ್ಕೊಳ್ಳಿ." (ಸ್ಟಾರ್ ಅಂದರೆ ಹೈಸ್ಕೂಲ್ ಹುಡುಗರಿಗೆ ರೇಟಿಂಗ್ ತಾಣಗಳು ಕೊಡುವ ಅಂಕ, ಐದು ಅಂದರೆ ಅತಿ ಮೇಲು.) ಅದಕ್ಕೆ ಮೂವತ್ತು ಜನ ಹೂಂ ಅಂದಿದ್ದಾರೆ. ಒಬ್ಬರು ಜೆರ್ಸಿಯನ್ನೂ ಆರ್ಡರ್ ಮಾಡಿದ್ದಾರೆ. ಸುಮ್ನೆ ಇರೋಣ ಅಂದುಕೊಂಡೆ, ಆಗಲಿಲ್ಲ. ಹೆಚ್ಚುಕಮ್ಮಿ ಇದೇ ಮಾತನ್ನು ನಾನು 2016ರಲ್ಲಿ ಬರೆದಿದ್ದೆ. ಹುಡುಗ ಬೇರೆ, ನಂಬರ್ ಬೇರೆ, ಅಷ್ಟೇ.

ಆ ಹುಡುಗನ ಹೆಸರು ಬೇಡ. ಅವನ ಪಾಡಿಗೆ ಅವನಿದ್ದಾನೆ. ಆಗ ನನ್ನ ಮಗ ಒಹಾಯೋದ ಡೇಟನ್ ಊರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಸ್ಲಾಟ್ ರಿಸೀವರ್, ಅಂದರೆ ಕ್ಯೂಬಿ ಎಸೆದ ಚೆಂಡು ಹಿಡಿಯುವವನು. ಶುಕ್ರವಾರ ರಾತ್ರಿ ಆದರೆ ನಾವು ಯಾವುದಾದರೂ ಒಂದು ಮೈದಾನದಲ್ಲಿ ಇರುತ್ತಿದ್ದೆವು. ಹಾಗಾಗಿ ನನಗೆ ಆಟ ಗೊತ್ತು ಅನ್ನುವ ಧೈರ್ಯ. ಆ ಕ್ಯೂಬಿಯ ಸೀನಿಯರ್ ವರ್ಷದ ರೀಲ್ ಮೂವತ್ತು ಸಲ ನೋಡಿರಬೇಕು. ಎಡಕ್ಕೆ ಓಡುತ್ತಾ, ಮೈ ತಿರುಗಿಸಿ, ಐವತ್ತೈದು ಗಜ ಎಸೆದಿದ್ದ. ಆ ಒಂದು ಎಸೆತಕ್ಕೇ ಮರುಳಾದೆ. ಏಪ್ರಿಲ್‌ನಲ್ಲಿ ಮೂರು ಗಂಟೆ ಕಾರು ಓಡಿಸಿಕೊಂಡು ಹೋಗಿ ಕಾಲೇಜು ತಂಡ ತನ್ನೊಳಗೇ ಆಡುವ ಸ್ಪ್ರಿಂಗ್ ಗೇಮ್ ನೋಡಿದೆ. ಅಲ್ಲೂ ಚೆನ್ನಾಗೇ ಆಡಿದ. ಅಲ್ಲಿ ಕ್ಯೂಬಿಗೆ ಬೇರೆ ಬಣ್ಣದ ಜೆರ್ಸಿ, ಯಾರೂ ಕೆಡವುವ ಹಾಗಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅಕ್ಟೋಬರ್‌ನಲ್ಲಿ ಸ್ಟಾರ್ಟರ್‌ಗೆ ಭುಜಕ್ಕೆ ಪೆಟ್ಟಾಗಿ ಇವನನ್ನು ಇಳಿಸಿದರು. ಎದುರಾಳಿಯ ಮೈದಾನ, ಮೂರನೇ ಕ್ವಾರ್ಟರ್. ಮೂರನೇ ಡೌನ್ (ಹತ್ತು ಗಜ ಮುಂದೆ ಹೋಗಲು ಸಿಗುವ ನಾಲ್ಕು ಅವಕಾಶದಲ್ಲಿ ಮೂರನೆಯದು), ಒಂಬತ್ತು ಗಜ ಬೇಕು. ಮೊದಲ ರೀಡ್, ಅಂದರೆ ಅವನು ಮೊದಲು ನೋಡಬೇಕಾದ ರಿಸೀವರ್, ಮುಚ್ಚಿಹೋಗಿತ್ತು. ಇವನ ಪಾದ ನೆಲಕ್ಕೆ ಅಂಟಿತು. ಆಮೇಲೆ ನಿಂತಲ್ಲೇ ಕುಣಿಯಿತು. ಆಮೇಲೆ ಎಡಕ್ಕೆ ತಿರುಗಿ ಓಟ. ಸ್ಯಾಕ್, ಅಂದರೆ ಎಸೆಯುವ ಮುಂಚೆಯೇ ಕೆಡವಿದರು. ಚೆಂಡು ಮತ್ತೆ ಕೈಗೆ ಬಂದ ಮುಂದಿನ ಡ್ರೈವ್‌ನಲ್ಲೂ ಅದೇ. ಅದರ ಮುಂದಿನದರಲ್ಲೂ ಅದೇ, ಈ ಸಲ ಚೆಂಡೂ ಕೈತಪ್ಪಿತು.

ಆ ವಾರ ಕೂತು ಅವನ ಹೈಸ್ಕೂಲಿನ ಪೂರ್ತಿ ಪಂದ್ಯಗಳನ್ನು ಹುಡುಕಿದೆ. ನಾಲ್ಕು ಸಿಕ್ಕವು. ಎಲ್ಲ ಅಲ್ಲೇ ಇತ್ತು. ಮೊದಲ ರೀಡ್ ಮುಚ್ಚಿದಾಗಲೆಲ್ಲ ಎಡಕ್ಕೆ ತಿರುಗಿ ಓಟ. ಕ್ಯೂಬಿ ಮೇಲೆ ನುಗ್ಗುವ ಹದಿನಾರು ವರ್ಷದ ಡಿಫೆನ್ಸಿವ್ ಎಂಡ್‌ಗಳ ಕೈಗೆ ಅವನು ಸಿಗುತ್ತಿರಲಿಲ್ಲ, ಹಾಗಾಗಿ ಅದು ಹೈಲೈಟ್ ಆಗುತ್ತಿತ್ತು. ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದವರು ಹಿಡಿದು ಕೆಡವಿದರು. ನಾನು ಮೂವತ್ತು ಸಲ ನೋಡಿ ಮೆಚ್ಚಿದ ಆ ಎಸೆತ ಇದೆಯಲ್ಲ, ಅದೇ ಅವನ ರೋಗವಾಗಿತ್ತು. ಜನ ಕೂಗಿ ಹೀಯಾಳಿಸಿದರು. ನಮ್ಮಂಥ ಗುಂಪುಗಳಲ್ಲಿ ಆಗ ಅವನ ಬಗ್ಗೆ ಬರೆದದ್ದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಒಂದೂವರೆ ವರ್ಷಕ್ಕೆ ಬಿಟ್ಟು ಹೋದ. ಅವನನ್ನು ಅಟ್ಟಕ್ಕೆ ಏರಿಸಿದವರಲ್ಲಿ ನಾನೂ ಒಬ್ಬ.

ಆವತ್ತಿನಿಂದ ನಾನು ಮಾಡುವುದು ಇದು. ಹುಡುಗನ ತಂಡ ಸೋತ ಪಂದ್ಯ ಹುಡುಕುತ್ತೇನೆ. ಸೋಲೇ ಇಲ್ಲದ ತಂಡ ಆದರೆ ಮೂರೋ ನಾಲ್ಕೋ ಪಾಯಿಂಟ್‌ನಲ್ಲಿ ಗೆದ್ದ ಪಂದ್ಯ. ಅದರಲ್ಲಿ ಮೂರನೇ ಡೌನ್, ಏಳು ಗಜ ಅಥವಾ ಜಾಸ್ತಿ ಇರುವ ಪ್ಲೇ ಮಾತ್ರ ನೋಡುತ್ತೇನೆ. ಪಂದ್ಯಕ್ಕೆ ಐದಾರು ಸಿಗುತ್ತವೆ, ಹಾಗಾಗಿ ಎರಡು ಮೂರು ಪಂದ್ಯ ಬೇಕು. ನನ್ನ ಹತ್ತಿರ ಒಂದು ದಪ್ಪನೆಯ ಹಳೆ ಮದುವೆ ಕಾರ್ಡ್ ಇದೆ. ಅದನ್ನು ಪರದೆಗೆ ಹಿಡಿದು ಪ್ಲೇ ಶುರುವಾಗುವ ಗೆರೆ, ಅಂದರೆ ಸ್ಕ್ರಿಮೇಜ್ ಲೈನ್‌ನಿಂದ ಆಚೆಗಿನದನ್ನೆಲ್ಲ ಮುಚ್ಚಿಬಿಡುತ್ತೇನೆ. ರಿಸೀವರ್ ಕಾಣಬಾರದು, ಚೆಂಡು ಎಲ್ಲಿಗೆ ಹೋಯಿತು ಅಂತಲೂ ಕಾಣಬಾರದು. ಕ್ಯೂಬಿ ಒಬ್ಬನೇ.

ಮೊದಲು ಪಾದ. ಡ್ರಾಪ್ (ಎಸೆಯುವ ಮುಂಚೆ ಹಿಂದಕ್ಕೆ ಇಡುವ ಹೆಜ್ಜೆ) ಮುಗಿದ ಮೇಲೆ ಹಿಂದಿನ ಕಾಲು ಊರಿ, ಕಣ್ಣು ಹೋದ ಕಡೆಗೆ ಎರಡೂ ಪಾದ ತಿರುಗುತ್ತವಾ? ಅಥವಾ ಕಣ್ಣೊಂದು ಕಡೆ, ಕಾಲೊಂದು ಕಡೆಯಾ? ಎರಡನೆಯದು ಹೆಲ್ಮೆಟ್. ಮುಖದ ಮುಂದಿನ ಕಂಬಿ ಎಷ್ಟು ಸಲ ತಿರುಗಿತು ಅಂತ ಎಣಿಸಿ. ಸ್ನ್ಯಾಪ್‌ನಿಂದ (ಚೆಂಡು ಅವನ ಕೈಗೆ ಬರುವ ಹೊತ್ತು) ಎಸೆಯುವವರೆಗೆ ಒಂದೇ ಕಡೆ ನೋಡಿದರೆ ಸೇಫ್ಟಿಗೆ, ಅಂದರೆ ಕೊನೆಯಲ್ಲಿ ನಿಂತು ಕಾಯುವ ಎದುರಾಳಿಗೆ, ಅವನೇ ದಾರಿ ತೋರಿಸಿದ ಹಾಗೆ. ಮೂರನೆಯದು ಸಮಯ. ಫೋನಿನ ಸ್ಟಾಪ್‌ವಾಚ್ ಸಾಕು. ಮೂರು ಸೆಕೆಂಡ್ ದಾಟಿದ ಮೇಲೆ ಹೊರಟ ಚೆಂಡುಗಳನ್ನು ಬೇರೆ ಬರೆದುಕೊಳ್ಳಿ. ಅವು ನೋಡೋಕೆ ಚೆನ್ನ, ಕಾಲೇಜಿನಲ್ಲಿ ಅಷ್ಟು ಹೊತ್ತು ಯಾರೂ ಬಿಡುವುದಿಲ್ಲ. ಕೊನೆಯದಾಗಿ, ಹಿಂದಿನ ಪ್ಲೇನಲ್ಲಿ ಪೆಟ್ಟು ತಿಂದಿದ್ದನಾ? ಪೆಟ್ಟು ತಿಂದ ಮರು ಪ್ಲೇನಲ್ಲಿ ಕಣ್ಣು ಮೇಲಿರುತ್ತದಾ, ನುಗ್ಗಿ ಬರುವವರ ಮೇಲೆ ಇಳಿಯುತ್ತದಾ? ಎಲ್ಲಕ್ಕಿಂತ ಹೆಚ್ಚಾಗಿ ನಾನು ಇದನ್ನೇ ನಂಬುತ್ತೇನೆ.

ಕ್ಯಾಚ್ ಆಯಿತಾ ಇಲ್ಲವಾ ಅಂತ ಬರೆಯಬೇಡಿ. ನನ್ನ ಪುಸ್ತಕದಲ್ಲಿ ಆ ಕಾಲಮ್ಮೇ ಇಲ್ಲ. ಎಲ್ಲ ಮುಗಿದ ಮೇಲೆ ಕಾರ್ಡ್ ತೆಗೆದು ಎರಡನೇ ಸಲ ನೋಡಿ. ಆಗ ರಿಸೀವರ್‌ಗಳನ್ನು ನೋಡಿ, ಅವನು ಆರಿಸಿದ್ದು ಸರಿಯಾದವನನ್ನೇನಾ ಅಂತ. ನೆಟ್ಸ್‌ನಲ್ಲಿ ಸಿಕ್ಸರ್ ಹೊಡೆದ ಅಂತ ಯಾರನ್ನಾದರೂ ರಣಜಿ ತಂಡಕ್ಕೆ ತೆಗೆದುಕೊಳ್ಳುತ್ತೇವಾ? ಹೊಸ ಚೆಂಡಿಗೆ, ಹಸಿರು ಪಿಚ್ಚಿನಲ್ಲಿ ಹೇಗೆ ನಿಲ್ಲುತ್ತಾನೆ ಅಂತ ಕೇಳುತ್ತೇವೆ. ಇಲ್ಲೂ ಅದೇ.

ಇದರಲ್ಲೂ ಎಡವುವ ಜಾಗಗಳಿವೆ. ಕ್ಯೂಬಿಯನ್ನು ಕಾಯುವ ಮುಂದಿನ ಲೈನ್ ತೀರಾ ಕೆಟ್ಟದಿದ್ದರೆ ಯಾವ ಹುಡುಗನ ಪಾದವೂ ನಿಲ್ಲುವುದಿಲ್ಲ. ಆಗ ಎರಡು ಸೆಕೆಂಡ್‌ನೊಳಗೆ ಒತ್ತಡ ಬಂದ ಪ್ಲೇಗಳನ್ನು ಪಕ್ಕಕ್ಕಿಡಿ. ಕೋಚ್ ಅರ್ಧ ಮೈದಾನದ ರೀಡ್ ಮಾತ್ರ ಕೊಟ್ಟಿದ್ದರೆ ಹೆಲ್ಮೆಟ್ ತಿರುಗದೇ ಇರುವುದು ಹುಡುಗನ ತಪ್ಪಲ್ಲ. ಪೆಟ್ಟಾದ ಮೊಣಕಾಲಿನಲ್ಲಿ ಆಡಿರಬಹುದು, ಅದು ಹೊರಗೆ ಗೊತ್ತಾಗುವುದು ಸೀಸನ್ ಮುಗಿದ ಮೇಲೆ. ಇನ್ನು ತಂಡ ಎಸೆಯುವುದೇ ಕಮ್ಮಿ ಆದರೆ ಈ ವಿಧಾನ ಪೂರ್ತಿ ಕೈಕೊಡುತ್ತದೆ. ಕ್ಯಾಮ್ ವಾರ್ಡ್ ನೋಡಿ. ಟೆಕ್ಸಸ್‌ನ ಅವನ ಹೈಸ್ಕೂಲು ವಿಂಗ್-ಟಿ ಆಡುತ್ತಿತ್ತು, ಚೆಂಡು ಹಿಡಿದು ಓಡುವುದೇ ಜಾಸ್ತಿ. ದೊಡ್ಡ ಕಾಲೇಜು ಯಾವುದೂ ಕರೆಯಲಿಲ್ಲ. ಸ್ಯಾನ್ ಆಂಟೋನಿಯೋದ ಇನ್‌ಕಾರ್ನೇಟ್ ವರ್ಡ್‌ಗೆ ಹೋದ. ಅಲ್ಲಿಂದ ವಾಷಿಂಗ್ಟನ್ ಸ್ಟೇಟ್, ಆಮೇಲೆ ಮಯಾಮಿ, 2025ರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ತಂಡಗಳು ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲ ಪಿಕ್. ನನ್ನ ಮದುವೆ ಕಾರ್ಡ್ ಹಿಡಿದು ಅವನನ್ನು ಕಂಡುಹಿಡಿಯಲು ಆಗುತ್ತಿರಲಿಲ್ಲ.

ನೀವು ಬರೆದ ಎಪ್ಪತ್ತೆರಡು ಪರ್ಸೆಂಟ್ ಕಂಪ್ಲೀಶನ್ (ಎಸೆದದ್ದರಲ್ಲಿ ರಿಸೀವರ್ ಹಿಡಿದ ಪಾಲು) ಬಗ್ಗೆ. ಆ ವಿಡಿಯೋದಲ್ಲೇ ಎಣಿಸಿದೆ, ಅರ್ಧಕ್ಕರ್ಧ ಆರ್‌ಪಿಓ (ಓಟವೋ ಎಸೆತವೋ ಆ ಕ್ಷಣಕ್ಕೆ ತೀರ್ಮಾನಿಸುವ ಪ್ಲೇ) ಮತ್ತು ಬಬಲ್ ಸ್ಕ್ರೀನ್ (ಬದಿಗೆ ಕೊಡುವ ಸಣ್ಣ ಎಸೆತ). ಎದುರಾಳಿ ಲೈನ್‌ಬ್ಯಾಕರ್ ಒಬ್ಬ ಒಂದು ಹೆಜ್ಜೆ ಮುಂದಿಟ್ಟರೆ ಅವನ ಬೆನ್ನ ಹಿಂದೆ ಆರು ಗಜ ಎಸೆಯುವುದು. ಅದೂ ಒಂದು ಕಲೆಯೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಪರ್ಸೆಂಟ್, ಲೈನ್ ಕಾಯುವ ಪಾಕೆಟ್‌ನಲ್ಲಿ ನಿಂತು ಮೂರನೇ ರೀಡ್‌ಗೆ ಹೋಗುವುದರ ಬಗ್ಗೆ ಏನೂ ಹೇಳುವುದಿಲ್ಲ.

ಹ್ಯಾಶ್ ಮಾರ್ಕ್ (ಮೈದಾನದ ಉದ್ದಕ್ಕೂ ಇರುವ ಎರಡು ಸಾಲು ಗುರುತು, ಪ್ಲೇ ಶುರುವಾಗುವುದು ಅವುಗಳ ಮೇಲೋ ನಡುವೆಯೋ) ವಿಷಯ ಯಾರೂ ಎತ್ತಲಿಲ್ಲ. ಹೈಸ್ಕೂಲಿನಲ್ಲಿ ಎರಡು ಹ್ಯಾಶ್ ನಡುವೆ 53 ಅಡಿ 4 ಇಂಚು, ಕಾಲೇಜಿನಲ್ಲಿ 40 ಅಡಿ. ಚೆಂಡು ಒಂದು ಹ್ಯಾಶ್ ಮೇಲಿದ್ದರೆ ಅಗಲದ ಕಡೆ ಹೈಸ್ಕೂಲಿನಲ್ಲಿ ಹತ್ತಿರ ಹತ್ತಿರ 107 ಅಡಿ ಬಯಲು, ಕಾಲೇಜಿನಲ್ಲಿ 100. ನಿಮ್ಮ ವಿಡಿಯೋದಲ್ಲಿ ಬದಿಗೆ ಓಡುತ್ತಾ ಎಸೆದ ರೋಲ್‌ಔಟ್‌ಗಳೆಲ್ಲ ಅಗಲದ ಕಡೆಗೇ ಇವೆ. ಏಳಡಿ ಹುಲ್ಲು ಕಮ್ಮಿ, ಓಡಿಸಿಕೊಂಡು ಬರುವವರು ಇನ್ನೂ ವೇಗ. ಆ ಜಾಗ ಅಲ್ಲಿ ಇರುವುದಿಲ್ಲ. ಆದರೆ ಅವನ ಪರವಾಗಿಯೂ ಒಂದು ಮಾತು. ದೂರದ ಹ್ಯಾಶ್‌ನಿಂದ ಅಗಲದ ಕಡೆಗೆ ಎಸೆದ ಡೀಪ್ ಔಟ್ (ದೂರ ಓಡಿ ಬದಿಗೆರೆಯ ಕಡೆ ತಿರುಗುವ ರಿಸೀವರ್‌ಗೆ ಎಸೆತ) ಒಂದಿದೆ, ಎರಡನೇ ನಿಮಿಷದ ಸುಮಾರಿಗೆ. ಚೆಂಡು ತೇಲದೆ ನೆಟ್ಟಗೆ ಹೋಯಿತು, ರಿಸೀವರ್ ತಿರುಗುವ ಮುಂಚೆಯೇ ಕೈಬಿಟ್ಟಿದ್ದ. ಆ ಅರವತ್ತು ಗಜದ ಬಾಂಬ್‌ಗಿಂತ ನನಗೆ ಇಷ್ಟವಾದದ್ದು ಅದು. ಕೈಯ ಬಲ ನೋಡಬೇಕಾದದ್ದು ಅಲ್ಲಿ.

ಸ್ಟಾರ್‌ಗಳ ಬಗ್ಗೆ ನನ್ನ ಅಭಿಪ್ರಾಯ ಹಳೆಯದೇ. 247ಸ್ಪೋರ್ಟ್ಸ್ ತಾಣದ ಕಾಂಪೊಸಿಟ್ ರೇಟಿಂಗ್ ನೋಡುತ್ತೇನೆ, ಬೇರೆ ಬೇರೆ ಕಡೆಯ ಅಂದಾಜು ಸೇರಿರುತ್ತದೆ ಅಂತ. ಆದರೆ ಅವರ ಐದು ಸ್ಟಾರ್ ಲೆಕ್ಕ ನೆನಪಿರಲಿ. ಎನ್‌ಎಫ್‌ಎಲ್ ಮೊದಲ ಸುತ್ತಿನ 32 ಪಿಕ್‌ಗೆ ಸರಿಯಾಗಿ ಸುಮಾರು 32 ಹುಡುಗರಿಗೆ ಕೊಡುತ್ತಾರೆ. ಅಂದರೆ ಮೂರ್ನಾಲ್ಕು ವರ್ಷ ಬಿಟ್ಟು ಹುಡುಗ ಏನಾಗಬಹುದು ಅನ್ನುವ ಊಹೆ ಅದು. ಬರುವ ಸೆಪ್ಟೆಂಬರ್ ಬಗ್ಗೆ ಅಲ್ಲ. ಎಲೀಟ್ 11 ತರಹದ ಕ್ಯಾಂಪ್ ವಿಡಿಯೋಗಳನ್ನಂತೂ ನಾನು ಕೈಯ ಚಲನೆ ನೋಡಲು ಬಿಟ್ಟರೆ ಬೇರೆ ಯಾವುದಕ್ಕೂ ಬಳಸುವುದಿಲ್ಲ. ಪ್ಯಾಡ್ ಇಲ್ಲ, ರಶ್ ಇಲ್ಲ.

ಮೊದಲ ವರ್ಷವೇ ಸ್ಟಾರ್ಟರ್ ಅನ್ನುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಹಾಗೆ. ಹೈಸ್ಕೂಲಿನಲ್ಲೇ ಅಷ್ಟು ಹೆಸರಾಗಿದ್ದ ಕ್ಯೂಬಿ ಆರ್ಚ್ ಮ್ಯಾನಿಂಗ್ ಅಂಥವನೇ ಟೆಕ್ಸಸ್‌ನಲ್ಲಿ 2023, 2024 ಎರಡು ಸೀಸನ್ ಕ್ವಿನ್ ಯೂವರ್ಸ್ ಹಿಂದೆ ಇದ್ದ. 2025ರ ಮೊದಲ ಪಂದ್ಯದಲ್ಲಿ ಒಹಾಯೋ ಸ್ಟೇಟ್ ಮೈದಾನಕ್ಕೆ ಬಂದು 14-7ರಲ್ಲಿ ಸೋತ. ಟ್ರೆವರ್ ಲಾರೆನ್ಸ್ 2018ರಲ್ಲಿ ಕ್ಲೆಮ್ಸನ್‌ಗೆ ಬಂದ ವರ್ಷವೇ ಚಾಂಪಿಯನ್ ಆದ, ನಿಜ. ಅವನೂ ಐದನೇ ಪಂದ್ಯದಿಂದ ಸ್ಟಾರ್ಟರ್ ಆದದ್ದು. ಅಂಥವರು ಹತ್ತು ವರ್ಷಕ್ಕೊಬ್ಬರು. ನಿಧಾನವಾಗಿ ಮೇಲೆ ಬಂದವರೂ ಇದ್ದಾರೆ: ಫರ್ನಾಂಡೋ ಮೆಂಡೋಜಾ ಮೊದಲು ಯೇಲ್‌ಗೆ ಹೋಗುತ್ತೇನೆ ಅಂದಿದ್ದವನು, ಆಮೇಲೆ ಕ್ಯಾಲ್, ಆಮೇಲೆ ಇಂಡಿಯಾನಾ, 2025ರಲ್ಲಿ ಹೈಸ್ಮನ್, ಅಂದರೆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನ ಪ್ರಶಸ್ತಿ.

ನಮ್ಮ ಒಹಾಯೋದ ಜೋ ಬರೋನನ್ನು ಮರೆಯಲು ಸಾಧ್ಯವಾ? 2014ರ ಸ್ಟೇಟ್ ಫೈನಲ್‌ನಲ್ಲಿ ತನ್ನ ಏಥೆನ್ಸ್ ಹೈಸ್ಕೂಲಿನ ಪರವಾಗಿ ಆರು ಟಚ್‌ಡೌನ್ ಎಸೆದೂ 56-52ರಲ್ಲಿ ಸೋತ. ನಾನು ಹೇಳಿದ ಸೋತ ಪಂದ್ಯ ಅಂದರೆ ಇಂಥದ್ದು. ಒಹಾಯೋ ಸ್ಟೇಟ್‌ನಲ್ಲಿ ಮೂರು ವರ್ಷ ಇದ್ದ, ಒಂದು ಪಂದ್ಯವೂ ಸ್ಟಾರ್ಟ್ ಮಾಡಲಿಲ್ಲ. ಎಲ್‌ಎಸ್‌ಯುಗೆ (ಲೂಯಿಸಿಯಾನಾ ಸ್ಟೇಟ್) ಹೋದ ಮೊದಲ ಸೀಸನ್ 2018ರಲ್ಲಿ 16 ಟಚ್‌ಡೌನ್, 57.8 ಪರ್ಸೆಂಟ್. ಮರುವರ್ಷ 60 ಟಚ್‌ಡೌನ್, 76.3 ಪರ್ಸೆಂಟ್, ಹೈಸ್ಮನ್, ಚಾಂಪಿಯನ್‌ಶಿಪ್. 2018ರಲ್ಲೇ ಅವನ ಕಥೆ ಮುಗಿಯಿತು ಅಂದವರು ಎಷ್ಟು ಜನ ಇದ್ದರು!

ನಿಮ್ಮ ಹುಡುಗ ಜನವರಿಯಲ್ಲೇ ಸೇರುತ್ತಿದ್ದಾನೆ ಅಂದಿರಿ, ಅದು ಒಳ್ಳೆಯದು, ಸ್ಪ್ರಿಂಗ್ ಪ್ರಾಕ್ಟೀಸ್ ಪೂರ್ತಿ ಸಿಗುತ್ತದೆ. 2018ರ ನಿಯಮದ ಪ್ರಕಾರ ನಾಲ್ಕು ಪಂದ್ಯದವರೆಗೆ ಆಡಿಸಿಯೂ ರೆಡ್‌ಶರ್ಟ್ ಉಳಿಸಬಹುದು, ಅಂದರೆ ಆ ವರ್ಷ ಅವನ ಆಡುವ ವರ್ಷಗಳ ಲೆಕ್ಕಕ್ಕೆ ಸೇರುವುದಿಲ್ಲ. ಬುದ್ಧಿ ಇರುವ ಕೋಚ್ ಹಾಗೇ ಮಾಡುತ್ತಾನೆ. ನವೆಂಬರ್‌ನಲ್ಲಿ ಗೆದ್ದಾಗಿರುವ ಪಂದ್ಯದ ಕೊನೆಗೆ ಇಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ಅವನಿಗಿಂತ ಮೊದಲು, ಕಾಲೇಜು ಬದಲಿಸುವವರ ಪಟ್ಟಿ ಇರುವ ಟ್ರಾನ್ಸ್‌ಫರ್ ಪೋರ್ಟಲ್‌ನಿಂದ ಒಬ್ಬ ಸೀನಿಯರ್‌ನನ್ನು ತಂದರೂ ಅದು ಹುಡುಗನ ಮೇಲಿನ ಅಪನಂಬಿಕೆ ಅಲ್ಲ.

ಇನ್ನೊಂದು ಮಾತು, ಇದು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ನಿನ್ನೆ ಇಬ್ಬರು ಆ ಹುಡುಗನ ಖಾತೆಗೆ ಟ್ಯಾಗ್ ಮಾಡಿ, ನೀನು ಬರದೇ ಇದ್ದರೆ ನೋಡು ಅಂತ ಬರೆದಿದ್ದೀರಿ. ತೆಗೆಯಿರಿ ಅದನ್ನು. ಅವನಿಗೆ ಹದಿನೇಳು ವರ್ಷ. ನಿಮ್ಮ ಮನೆಯಲ್ಲೂ ಆ ವಯಸ್ಸಿನ ಮಕ್ಕಳಿದ್ದಾರೆ, ಅಲ್ವಾ? ಬೂಸ್ಟರ್‌ಗಳು (ಕಾಲೇಜು ತಂಡದ ಬೆಂಬಲಿಗರು) ಸೇರಲಿರುವ ಹುಡುಗರನ್ನು ಸಂಪರ್ಕಿಸುವುದಕ್ಕೆ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಕಟ್ಟುಪಾಡುಗಳೂ ಇವೆ. ಕಾಲೇಜು ಆಟಗಾರರಿಗೂ ಈಗ ದುಡ್ಡು ಬರುತ್ತದಲ್ಲ, ಬೈಸಿಕೊಳ್ಳಲಿ ಅನ್ನುವ ವಾದ ನನ್ನ ಹತ್ತಿರ ಬೇಡ.

ಪೂರ್ತಿ ಪಂದ್ಯಕ್ಕೆ, ಹೈಸ್ಕೂಲ್ ಆಟ ತೋರಿಸುವ ಎನ್‌ಎಫ್‌ಎಚ್‌ಎಸ್ ನೆಟ್‌ವರ್ಕ್‌ಗೆ ಒಂದು ತಿಂಗಳ ಚಂದಾ ಹಾಕಿ ನೋಡಿ. ಆಟೋಮ್ಯಾಟಿಕ್ ಕ್ಯಾಮೆರಾ ಕೆಲವು ಸಲ ಎಲ್ಲೆಲ್ಲೋ ತಿರುಗುತ್ತದೆ, ಆದರೂ ಹಡ್ಲ್ ರೀಲ್‌ಗಿಂತ ಸಾವಿರ ಪಾಲು ಮೇಲು. ಹಡ್ಲ್ ಕೆಟ್ಟದ್ದಲ್ಲ, ಆದರೆ ರೀಲ್ ಕತ್ತರಿಸುವವನು ಹುಡುಗನೇ ಅಥವಾ ಅವನ ಅಪ್ಪ. ಮೈದಾನಕ್ಕೇ ಹೋಗುವುದಾದರೆ ಐವತ್ತು ಗಜದ ಸೀಟು ಬಿಟ್ಟು ಎಂಡ್ ಝೋನ್ ಹಿಂದೆ, ಎತ್ತರದಲ್ಲಿ ಕೂರಿ. ಸೇಫ್ಟಿಗಳು ಎಲ್ಲಿದ್ದಾರೆ, ಕ್ಯೂಬಿ ಏನು ನೋಡುತ್ತಿದ್ದಾನೆ, ಎರಡೂ ಒಟ್ಟಿಗೆ ಕಾಣುವುದು ಅಲ್ಲಿಂದಲೇ. ಮಳೆ ಬಂದರೆ ಎದ್ದು ಹೋಗಬೇಡಿ. ಒದ್ದೆ ಚೆಂಡಿನಲ್ಲಿ ಹಿಡಿತ ಹೇಗಿದೆ ಅಂತ ನೋಡಲು ಅದಕ್ಕಿಂತ ಒಳ್ಳೆ ದಿನ ಸಿಗುವುದಿಲ್ಲ. ಚಳಿಗಾಲದಲ್ಲಿ ಅವನು ಬ್ಯಾಸ್ಕೆಟ್‌ಬಾಲ್ ಆಡಿದರೆ ಅದನ್ನೂ ನೋಡಿ, ಪಾದ ಅಲ್ಲೂ ಸುಳ್ಳು ಹೇಳುವುದಿಲ್ಲ.

ಮಗನಿಗೆ ಯಾವ ಚೆಂಡು ಅಂತ ಮೇಲೆ ಒಬ್ಬರು ಕೇಳಿದ್ದಾರೆ. ವಿಲ್ಸನ್ ಕಂಪನಿಯ ಜಿಎಸ್‌ಟಿ ಅನ್ನುವ ಮಾದರಿ ತೆಗೆದುಕೊಳ್ಳಿ, ತೊಗಲಿನದು. ಇಲ್ಲೇ ಒಹಾಯೋದ ಏಡಾ ಊರಿನಲ್ಲಿ ತಯಾರಾಗುತ್ತದೆ. ಅಗ್ಗದ ಕಾಂಪೊಸಿಟ್ ಚೆಂಡು ನವೆಂಬರ್ ಚಳಿಗೆ ಸಾಬೂನಿನ ಹಾಗೆ ಜಾರುತ್ತದೆ, ಹುಡುಗರು ಹೆದರಿ ಮಣಿಕಟ್ಟು ಬಿಗಿ ಮಾಡಿಕೊಳ್ಳುತ್ತಾರೆ. ಹೊಸ ಜಿಎಸ್‌ಟಿಯನ್ನು ಮಾತ್ರ ಪೆಟ್ಟಿಗೆಯಿಂದ ತೆಗೆದು ನೇರ ಆಡಬೇಡಿ. ಬ್ರಶ್ ಹಾಕಿ, ಕಂಡೀಶನರ್ ತಿಕ್ಕಿ, ಒಂದು ವಾರ ಹದ ಮಾಡಿ.

ಆ ಹುಡುಗನ ತಂಡ ಈ ಸೀಸನ್ ಎರಡು ಪಂದ್ಯ ಸೋತಿದೆ ಅಂತ ನೀವೇ ಬರೆದಿದ್ದೀರಿ. ಎರಡರ ಪೂರ್ತಿ ವಿಡಿಯೋ ಸಿಕ್ಕರೆ ಇಲ್ಲೇ ಹಾಕಿ. ಶನಿವಾರ ಬೆಳಿಗ್ಗೆ ಕೂತು ನೋಡುತ್ತೇನೆ, ಬರೆದುಕೊಂಡ ಪುಟದ ಫೋಟೋ ಹಾಕುತ್ತೇನೆ. ಆ ಡೀಪ್ ಔಟ್ ಎಸೆದವನು ಮೂರನೇ ಡೌನ್‌ನಲ್ಲೂ ಹಾಗೇ ಎಸೆಯುತ್ತಾನಾ ಅಂತ ನನಗೂ ನೋಡಬೇಕಿದೆ.