ಗರಗಸದ ಹಲ್ಲಿನ ಚಾವಣಿ

ಓದುಗರ ಪತ್ರ: ಹಳೇ ಫರ್ನಿಚರ್ ಕಾರ್ಖಾನೆಗಳ ಕಟ್ಟಡಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಒಂದು ಕೆತ್ತನೆ ಇಲ್ಲ, ಗೋಪುರ ಇಲ್ಲ. ಈ ಇಟ್ಟಿಗೆ ಗೂಡಿನಲ್ಲಿ ವಾಸ್ತುಶಿಲ್ಪ ಎಲ್ಲಿದೆ? ಕೆಡವಿ ಬೇರೇನಾದರೂ ಕಟ್ಟಬಾರದೇ?

ಸಂಪಾದಕರ ಉತ್ತರ: ಚಾವಣಿ ಸೋರುತ್ತದೆ, ಗೆದ್ದಲು ಹತ್ತಿದೆ, ರಿಪೇರಿಗೆ ದುಡ್ಡು ಜಾಸ್ತಿ ಬೇಕು. ಅಷ್ಟು ಮಟ್ಟಿಗೆ ನಿಮ್ಮ ಮಾತು ಒಪ್ಪಿದೆ. ಆದರೆ ‘ಇಟ್ಟಿಗೆ ಗೂಡು’ ಅಂದಿರಲ್ಲ, ಅದನ್ನು ಕೇಳಿಸಿಕೊಂಡು ಸುಮ್ಮನಿರಲಾರೆ.

ಮೊದಲು ಚಾವಣಿ ನೋಡಿ. ಗರಗಸದ ಹಲ್ಲಿನ ಹಾಗಿದೆ, ಅಲ್ವಾ? ಹಲ್ಲಿನ ಕಡಿದಾದ ಬದಿಗೆ ಗಾಜು. ಭೂಮಧ್ಯರೇಖೆಯಿಂದ ಮೇಲಿನ ದೇಶಗಳಲ್ಲಿ ಅದು ಉತ್ತರಕ್ಕೆ ತಿರುಗಿರುತ್ತದೆ. ನೇರ ಬಿಸಿಲು ಬೀಳದೆ ದಿನವಿಡೀ ಹೆಚ್ಚುಕಮ್ಮಿ ಒಂದೇ ಬೆಳಕು. ಎರಡು ಕುರ್ಚಿಗಳ ಪಾಲಿಶ್ ಹೊಂದುತ್ತದಾ ಅಂತ ನೋಡುವವನನ್ನು ಕೇಳಿ, ಆ ಬೆಳಕಿನ ಬೆಲೆ ಹೇಳುತ್ತಾನೆ.

ಅಂಥದ್ದೊಂದು ಕಟ್ಟಡದಲ್ಲಿ ನಾನು ಅರ್ಧ ದಿನ ಅಡ್ಡಾಡಿದ್ದೇನೆ. ತೊಲೆಯ ಅಡಿಯಲ್ಲಿ ಸಾಲಾಗಿ ಬೋಲ್ಟಿನ ತೂತುಗಳು, ಸುತ್ತ ಕಪ್ಪಗೆ ಎಣ್ಣೆಯ ಕಲೆ. ಹಿಂದೆ ಅಲ್ಲಿ ಉದ್ದನೆಯ ಷಾಫ್ಟ್ ನೇತಾಡುತ್ತಿತ್ತು. ಒಂದೇ ಉಗಿ ಎಂಜಿನ್ ಅದನ್ನು ತಿರುಗಿಸಿದರೆ ಬೆಲ್ಟುಗಳ ಮೂಲಕ ಗರಗಸ, ತೋಪಡ ಎಲ್ಲಾ ಓಡುತ್ತಿದ್ದವು. ಬಾಯ್ಲರಿಗೆ ಉರುವಲು ಅಲ್ಲಿನದೇ ಮರದ ಹೊಟ್ಟು. ತೊಲೆ ಅಷ್ಟು ದಪ್ಪ ಇದ್ದದ್ದು ಭಾರ ಹೊರೋದಕ್ಕಷ್ಟೇ ಅಲ್ಲ. ಬೆಂಕಿ ಬಿದ್ದರೆ ದಪ್ಪ ಮರದ ಮೈ ಇದ್ದಿಲಾಗುತ್ತದೆ, ಆ ಇದ್ದಿಲೇ ಒಳಗಿನ ಮರವನ್ನು ಕಾಯುತ್ತದೆ. ಬರೀ ಉಕ್ಕಿನ ತೊಲೆ 550 ಡಿಗ್ರಿ ಸುಮಾರಿಗೆ ಅರ್ಧದಷ್ಟು ಬಲ ಕಳೆದುಕೊಂಡು ಬಾಗುತ್ತದೆ.

ಇನ್ನು ಇಂಥ ಕಾರ್ಖಾನೆಗಳಲ್ಲಿ ಏನು ತಯಾರಾಗುತ್ತಿತ್ತು ಅಂತ ನೋಡಿ. ಮರ ಬಗ್ಗಿಸಿ ಕುರ್ಚಿ ಮಾಡುತ್ತಿದ್ದ ಮೈಕೆಲ್ ಥೋನೆಟ್ 1857ರ ಹೊತ್ತಿಗೆ ಮೊರೇವಿಯಾದ (ಇವತ್ತಿನ ಚೆಕ್ ದೇಶ) ಕೊರಿಚನಿಯಲ್ಲಿ ಕಾರ್ಖಾನೆ ಹಾಕಿದ್ದು ಸುತ್ತಲಿನ ‘ಬೀಚ್’ ಎಂಬ ಗಟ್ಟಿ ಮರದ ಕಾಡು ನೋಡಿ. ಹಬೆಯಲ್ಲಿ ಬೇಯಿಸಿ ಬಗ್ಗಿಸಿದ ಮರದಿಂದ 1859ರಲ್ಲಿ 14ನೇ ನಂಬರಿನ ಕುರ್ಚಿ ಬಂತು. 6 ತುಂಡು, 10 ಸ್ಕ್ರೂ, 2 ನಟ್, ಅಷ್ಟೇ. ಬಿಚ್ಚಿ ಪೇರಿಸಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ. ಆ ಕುರ್ಚಿ ಇವತ್ತು ಮ್ಯೂಸಿಯಮ್ಮುಗಳಲ್ಲಿದೆ.

ಕುರ್ಚಿಗೆ ಮ್ಯೂಸಿಯಂ, ಅಂಥ ಕುರ್ಚಿ ಮಾಡಿದ ಶೆಡ್ಡಿಗೆ ಜೆಸಿಬಿ! ರಾಜ ಒಂದು ರಾತ್ರಿ ಮಲಗಿದ್ದ ಕೋಣೆಗೆ ಹಗ್ಗ ಕಟ್ಟಿ ಬೋರ್ಡು ಹಾಕುತ್ತೇವೆ. ನೂರಾರು ಜನ ಬೆರಳು ಕಳೆದುಕೊಳ್ಳುವ ಭಯದಲ್ಲೇ ದುಡಿದ ಜಾಗಕ್ಕೆ ಒಂದು ಬೋರ್ಡೂ ಇಲ್ಲ. ಉಳಿಸುತ್ತೇವೆ ಅನ್ನುವವರೂ ಚಿಮಣಿಯೊಂದನ್ನು ಬಿಟ್ಟು ಒಳಗೆಲ್ಲ ಬಗೆದು ಕಾಫಿ ಅಂಗಡಿ ಇಡುತ್ತಾರೆ. ಎಣ್ಣೆಯ ಕಲೆಗೂ ಬಿಳಿ ಪೇಂಟು.

ನೀವು ಸಿಟ್ಟಿನಿಂದಾದರೂ ಆ ಎರಡು ಪುಟ ಓದಿದಿರಿ, ಖುಷಿಯಾಯಿತು. ಒಮ್ಮೆ ಅಂಥ ಕಟ್ಟಡದ ಒಳಗೆ ಹೋಗಿ ತಲೆ ಎತ್ತಿ ನೋಡಿ ಬನ್ನಿ. ಆಮೇಲೂ ಬೈಯಬೇಕು ಅನಿಸಿದರೆ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇನೆ.