ನಾಡಿ 68 ಬಂತು, ಮಾತ್ರೆ ಬಿಡಬಹುದಾ?

ಪ್ರಶ್ನೆ: ವಯಸ್ಸು 54, ಮದ್ದೂರು. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಅವತ್ತಿಂದ ಮೆಟೊಪ್ರೊಲಾಲ್ ಎಕ್ಸ್‌ಎಲ್ 50 ನುಂಗ್ತಾ ಇದ್ದೀನಿ. ಈಗ ಬಿಪಿ ನಾರ್ಮಲ್, ನಾಡಿ 68. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟ ಹತ್ತಬೇಕು. ಮಾತ್ರೆ ತಗೊಂಡ್ರೆ ಸುಸ್ತು. ನಿಲ್ಲಿಸಲಾ?

ಉತ್ತರ: ಬೇಡ. ಆಷಾಢಕ್ಕೊಮ್ಮೆ, ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆ ಹೊರಡುವಾಗ ಇನ್ನೊಮ್ಮೆ ಇದೇ ಪ್ರಶ್ನೆ. ನಾಡಿ 68 ಇರುವುದೇ ಆ ಮಾತ್ರೆಯಿಂದ.

ಹೃದಯದ ಜೀವಕೋಶಗಳ ಪೊರೆಯ ಮೇಲೆ ಬೀಟಾ-1 ರಿಸೆಪ್ಟರ್‌ಗಳಿವೆ. ಗಾಬರಿ, ಶ್ರಮದ ಹೊತ್ತಿಗೆ ದೇಹ ಬಿಡುವ ಅಡ್ರಿನಲಿನ್ ಹಾರ್ಮೋನು ಬಂದು ಅಲ್ಲಿ ಕೂತರೆ ಬಡಿತ ಏರುತ್ತದೆ. ಮೆಟೊಪ್ರೊಲಾಲ್ ಮೊದಲೇ ಆ ಜಾಗ ಹಿಡಿಯುತ್ತದೆ, ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಜೀವಕೋಶ ಸುಮ್ಮನಿರುವುದಿಲ್ಲ, ಪೊರೆಯ ಮೇಲೆ ರಿಸೆಪ್ಟರ್‌ಗಳನ್ನು ಹೆಚ್ಚಿಸಿಕೊಳ್ಳುತ್ತದೆ. ದಿಢೀರನೆ ಮಾತ್ರೆ ಬಿಟ್ಟಿರೋ, ಹೆಚ್ಚಾದವೂ ಸೇರಿ ಎಲ್ಲ ಖಾಲಿ. ಮಾಮೂಲಿ ಅಡ್ರಿನಲಿನ್‌ಗೇ ಹೃದಯ ವಿಪರೀತ ಓಡುತ್ತದೆ. ನಾಡಿ, ಬಿಪಿ ಮಾತ್ರೆಗೆ ಮುಂಚೆ ಇದ್ದುದಕ್ಕಿಂತಲೂ ಮೇಲೇರಬಹುದು. ಸ್ಟೆಂಟ್ ಹಾಕಿದವರಿಗೆ ಎದೆನೋವು, ಹಾರ್ಟ್ ಅಟ್ಯಾಕ್ ಆಗುವುದು ಇಂಥ ಹೊತ್ತಿನಲ್ಲೇ. ಬಿಟ್ಟ ಮೊದಲ ಒಂದೆರಡು ವಾರ ಅಪಾಯ ಜಾಸ್ತಿ, ನೀವು ಸಾವಿರ ಮೆಟ್ಟಿಲು ಹತ್ತಲು ಆರಿಸಿಕೊಂಡಿರುವುದೂ ಅದೇ ಸಮಯ!

ನಿಲ್ಲಿಸಲೇಬೇಕೆಂದು ನಿಮ್ಮ ಡಾಕ್ಟರ್ ಹೇಳಿದರೂ ಒಂದೇ ಏಟಿಗಲ್ಲ. ಸಾಮಾನ್ಯವಾಗಿ 50ರಿಂದ 25, ಅಲ್ಲಿಂದ 12.5, ಹೀಗೆ ಒಂದೆರಡು ವಾರದಲ್ಲಿ ಇಳಿಸುತ್ತಾರೆ. ಅಷ್ಟು ದಿನ ಬೆಟ್ಟವೂ ಬೇಡ, ಕಬ್ಬಿನ ಹೊರೆಯೂ ಬೇಡ. ಎಕ್ಸ್‌ಎಲ್ ಅಂದರೆ ದಿನವಿಡೀ ನಿಧಾನವಾಗಿ ಔಷಧ ಬಿಡುವ ಮಾತ್ರೆ. ಅದನ್ನು ನಡುವಿನ ಗೆರೆಗೆ ಸರಿಯಾಗಿ ಮುರಿಯಬಹುದು, ಜಗಿಯಬಾರದು, ಪುಡಿ ಮಾಡಬಾರದು. ಮಾಡಿದರೆ ಇಡೀ ದಿನದ ಔಷಧ ಒಟ್ಟಿಗೇ ರಕ್ತಕ್ಕೆ ಇಳಿಯುತ್ತದೆ. ಒಂದು ಹೊತ್ತು ಮರೆತರೆ ಮರುದಿನ ಎರಡು ನುಂಗಬೇಡಿ. ಮಧ್ಯೆ ಎದೆ ಹಿಂಡಿದಂತಾದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ, ಮಾತ್ರೆ ಇಳಿಸುತ್ತಿರುವ ವಿಷಯ ಮೊದಲು ಹೇಳಿ.

ಸುಸ್ತಿನ ವಿಚಾರ ಬೇರೆ. ಐದು ನಿಮಿಷ ಕೂತು, ಹೆಬ್ಬೆರಳ ಬುಡದ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. 50ಕ್ಕಿಂತ ಕಡಿಮೆ ಇದ್ದರೆ, ತಲೆಸುತ್ತು ಬಂದರೆ ಡೋಸ್ ಬದಲಿಸಬೇಕಾಗಬಹುದು. ಅದನ್ನು ತೀರ್ಮಾನಿಸುವುದು ಡಾಕ್ಟರು, ಮೆಡಿಕಲ್ ಶಾಪಿನವರಲ್ಲ. ಬೆಟ್ಟಕ್ಕೆ ಮುಂಚೆ ಅವರನ್ನೇ ಕೇಳಿ, ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಇಸಿಜಿ) ಬೇಕೆಂದರೆ ಮಾಡಿಸಿ. ಹೃದಯಬಡಿತದ ಗರಿಷ್ಠ ಮಿತಿ ಅಂತ ವಾಚು ತೋರಿಸುವ ‘220ರಲ್ಲಿ ವಯಸ್ಸು ಕಳೆ’ ಲೆಕ್ಕ ಈ ಮಾತ್ರೆ ತಿನ್ನುವವರಿಗೆ ಹೊಂದುವುದಿಲ್ಲ. ಶುಗರ್ ಇದ್ದವರು ಇನ್ನೊಂದು ಗಮನಿಸಿ: ಶುಗರ್ ಲೋ ಆದಾಗಿನ ನಡುಕ, ಎದೆಬಡಿತವನ್ನು ಇದು ಮುಚ್ಚಿಡುತ್ತದೆ, ಬೆವರನ್ನಲ್ಲ.

ಪ್ರಶ್ನೆ: ಬೆಳ್ಳುಳ್ಳಿ, ಶುಂಠಿ, ನಿಂಬೆ ಕಷಾಯ ಹೃದಯದ ರಕ್ತನಾಳದ ಬ್ಲಾಕ್ ಕರಗಿಸುತ್ತಾ?

ಉತ್ತರ: ಇಲ್ಲ. ಕರಗಿಸಿಕೊಡುತ್ತೇನೆ ಎಂದು ಬಾಟಲಿ ಮಾರುವವನು ಕರಗಿಸುವುದು ನಿಮ್ಮ ದುಡ್ಡನ್ನು.

ಪ್ರಶ್ನೆ: ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ಕಿಡ್ನಿ ತಿನ್ನುತ್ತಂತೆ?

ಉತ್ತರ: ಇಲ್ಲ. ರಕ್ತನಾಳ ಬಿಗಿಸುವ ಆಂಜಿಯೊಟೆನ್ಸಿನ್ ಕೂರುವ ಎಟಿ-1 ರಿಸೆಪ್ಟರನ್ನು ತಡೆಯುವ ಈ ಗುಂಪಿನ ಮಾತ್ರೆಗಳನ್ನು, ಶುಗರ್‌ನಿಂದ ಮೂತ್ರದಲ್ಲಿ ಪ್ರೋಟೀನ್ ಹೋಗುವವರಿಗೆ ಕಿಡ್ನಿ ಕಾಯಲೆಂದೇ ಕೊಡುತ್ತಾರೆ. ಶುರು ಮಾಡಿದ ಒಂದೆರಡು ವಾರಕ್ಕೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಕೆಲಸದ ಅಳತೆ), ಪೊಟ್ಯಾಸಿಯಂ ನೋಡಿಸಿ. ಈ ಮಾತ್ರೆಯಿಂದ ಪೊಟ್ಯಾಸಿಯಂ ಏರಬಹುದು, ‘ಲೋ ಸೋಡಿಯಂ’ ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತದೆ, ಕೇಳದೆ ಬಳಸಬೇಡಿ. ಗರ್ಭಿಣಿಯರಿಗೆ ಈ ಮಾತ್ರೆ ನಿಷಿದ್ಧ.

ಪ್ರಶ್ನೆ: ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 60ಕ್ಕೆ ಇಳಿದಿದೆ, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಇನ್ನು ನಿಲ್ಲಿಸಬಹುದಲ್ವಾ?

ಉತ್ತರ: ಸ್ಟಾಟಿನ್ ಯಕೃತ್ತಿನ ಜೀವಕೋಶಗಳ ಮೇಲೆ ಎಲ್‌ಡಿಎಲ್ ಹಿಡಿಯುವ ರಿಸೆಪ್ಟರ್‌ಗಳನ್ನು ಹೆಚ್ಚಿಸುತ್ತದೆ. ಬಿಟ್ಟರೆ ಅವು ಕಡಿಮೆಯಾಗಿ, ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೇ ಮಟ್ಟಕ್ಕೆ ಏರುತ್ತದೆ. ನುಂಗಿ.