ಮಲೆನಾಡಿನಲ್ಲಿ ದಿಮ್ಮಿ ಮನೆ ಕಟ್ಟಿಸಬಹುದಾ? ಕಟ್ಟಿಸಿದವನ ಉತ್ತರ

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಲ್ಲಿದ್ದೀರಿ, ತೀರ್ಥಹಳ್ಳಿ ಕಡೆ ಒಂದು ಎಕರೆ ಜಾಗ ನೋಡಿದ್ದೀರಿ, ಅಲ್ಲಿ ಫೋಟೋದಲ್ಲಿ ಕಾಣುವಂಥ ದಿಮ್ಮಿ ಮನೆ, ಅಂದರೆ ಲಾಗ್ ಹೌಸ್ ಕಟ್ಟಿಸುವ ಆಸೆ. ಮಳೆಗೆ ತಡೆಯುತ್ತದಾ, ಗೆದ್ದಲು ಬಿಡುತ್ತದಾ, ಯಾವ ಮರ ಹಾಕಬೇಕು, ರೆಡಿ ಕಿಟ್ ತರಿಸಬಹುದಾ, ಬೆಂಕಿ ಭಯ ಇದೆಯಾ, ಖರ್ಚೆಷ್ಟು ಎಂದು ಕೇಳಿದ್ದೀರಿ.

ಕಟ್ಟಿಸಬಹುದು. ನಮ್ಮ ತೋಟದ ಮೇಲಿನ ದಿಬ್ಬದಲ್ಲಿ ಅಂಥದೇ ಎರಡು ಕೋಣೆಯ ಮನೆ ಇದೆ. 2016ರ ಬೇಸಿಗೆಯಲ್ಲಿ ಎದ್ದದ್ದು. ಈಗಲೂ ಗಟ್ಟಿಯಾಗಿದೆ, ಮಳೆಗಾಲದಲ್ಲಿ ಅದರೊಳಗೆ ಮಲಗುವ ಸುಖ ಬೇರೆಲ್ಲೂ ಇಲ್ಲ. ಆದರೆ ಅದು ಗಟ್ಟಿಯಾಗಿ ನಿಂತಿದ್ದು ಎರಡು ಸಲ ರಿಪೇರಿ ಮಾಡಿದ ಮೇಲೆ. ಆ ಎರಡು ರಿಪೇರಿಯ ಕಥೆಯೇ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊದಲನೆಯದು ಮರ ಕುಗ್ಗುವ ವಿಷಯ. ಹಸಿ ಮರ ಒಣಗುವಾಗ ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕೇ ಇಲ್ಲ. ಕುಗ್ಗುವುದು ದಪ್ಪದಲ್ಲಿ. ಇಟ್ಟಿಗೆ ಗೋಡೆಯಲ್ಲಿ ಇದರ ತಲೆನೋವಿಲ್ಲ. ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿದ ಗೋಡೆಯಲ್ಲಿ ಮಾತ್ರ ಪ್ರತಿ ದಿಮ್ಮಿಯೂ ಚೂರು ಚೂರು ಇಳಿಯುತ್ತದೆ, ಒಟ್ಟು ಗೋಡೆಯೇ ಕೆಳಗೆ ಬರುತ್ತದೆ. ಪೂರ್ತಿ ಹಸಿ ದಿಮ್ಮಿಯಾದರೆ ಒಂದು ಅಡಿ ಎತ್ತರಕ್ಕೆ ಮುಕ್ಕಾಲು ಇಂಚು ಇಳಿತ ಲೆಕ್ಕ ಹಿಡಿಯುವುದು ಈ ಕೆಲಸ ಗೊತ್ತಿದ್ದವರ ಪದ್ಧತಿ. ಒಂಬತ್ತು ಅಡಿ ಗೋಡೆಗೆ ಆರೂಮುಕ್ಕಾಲು ಇಂಚು! ನಮ್ಮದು ಒಂದು ವರ್ಷ ನೆರಳಲ್ಲಿ ಒಣಗಿಸಿದ ದಿಮ್ಮಿ, ಆದ್ದರಿಂದ ಎರಡೂವರೆ ಇಂಚು ಇಳಿಯಿತು.

ಕಟ್ಟಿಕೊಟ್ಟ ಪೇಟೆಯ ಗುತ್ತಿಗೆದಾರರಿಗೆ ಇದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಮನೆ ಮಧ್ಯದಲ್ಲಿ ಮಾಡಿನ, ಅಂದರೆ ಚಾವಣಿಯ, ನೆತ್ತಿಯ ತೊಲೆಗೆ ಒಂದು ಕಂಬ ಕೊಟ್ಟಿದ್ದರು. ಕಂಬ ನಿಂತ ಮರ ಅಲ್ವಾ, ಅದು ಉದ್ದದಲ್ಲಿ ಕುಗ್ಗಲಿಲ್ಲ. ಗೋಡೆ ಇಳಿಯಿತು, ಕಂಬ ನಿಂತಲ್ಲೇ ನಿಂತಿತು. ಎರಡನೇ ವರ್ಷದ ಜೂನ್‌ನಲ್ಲಿ ಒಂದು ರಾತ್ರಿ ಹಾಸಿಗೆ ಮೇಲೆ ನೀರು ತೊಟ್ಟಿಕ್ಕಿತು. ಬೆಳಿಗ್ಗೆ ಏಣಿ ಹಾಕಿ ಹತ್ತಿ ನೋಡಿದರೆ ಪಕಾಸಿಗಳು, ಅಂದರೆ ಹೆಂಚು ಹೊರುವ ಇಳಿಜಾರು ಮರಗಳು, ನೆತ್ತಿಯ ಹತ್ತಿರ ಗೂನು ಬೆನ್ನಿನ ಹಾಗೆ ಎದ್ದಿವೆ, ಹೆಂಚುಗಳ ನಡುವೆ ಬೆರಳು ತೂರುವಷ್ಟು ಸಂದು. ಕಿಟಕಿಗಳದೂ ಅದೇ ಕಥೆ. ಚೌಕಟ್ಟಿನ ಮೇಲಿನ ದಿಮ್ಮಿ ಇಳಿದು ಇಳಿದು ಚೌಕಟ್ಟನ್ನೇ ಒತ್ತುತ್ತಿತ್ತು, ಒಂದು ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು.

ಊರಿನ ಆಚಾರಿಯೊಬ್ಬರು ಸರಿ ಮಾಡಿಕೊಟ್ಟರು. ಕಂಬದ ಬುಡ ಕೊಯ್ದು, ಅಡಿಗಲ್ಲಿನ ಮೇಲೆ ತಿರುಪಿನ ಜಾಕ್ ಕೂರಿಸಿದರು. ಆಮೇಲೆ ಮೂರು ವರ್ಷ, ಯುಗಾದಿ ಹೊತ್ತಿಗೆ ಒಂದು ಸಲ, ದೀಪಾವಳಿ ಹೊತ್ತಿಗೆ ಒಂದು ಸಲ ಜಾಕ್ ಚೂರು ಇಳಿಸುತ್ತಾ ಬಂದೆವು. ಕಿಟಕಿ ಬಾಗಿಲ ಚೌಕಟ್ಟಿನ ಮೇಲೆ ಮೂರು ಇಂಚು ಸಂದು ಬಿಡಿಸಿ, ಒಳಗೆ ತೆಂಗಿನ ನಾರು ತುಂಬಿ, ಹೊರಗಿಂದ ಹಲಗೆ ಮುಚ್ಚಿದರು. ಹಲಗೆಯನ್ನು ಮೇಲಿನ ದಿಮ್ಮಿಗೆ ಮಾತ್ರ ಹೊಡೆದಿದ್ದಾರೆ, ಚೌಕಟ್ಟಿಗೆ ಹೊಡೆದಿಲ್ಲ. ಆಗ ಗೋಡೆ ಇಳಿದರೂ ಹಲಗೆ ಜೊತೆಗೇ ಜಾರುತ್ತದೆ. ನೀವು ಯಾರಿಗೆ ಕೆಲಸ ಕೊಡುತ್ತೀರೋ ಅವರನ್ನು ಮೊದಲು ಇದೊಂದನ್ನೇ ಕೇಳಿ: ಗೋಡೆ ಎಷ್ಟು ಇಳಿಯುತ್ತದೆ, ಅದಕ್ಕೆ ಏನು ಮಾಡಿದ್ದೀರಿ? ನಮ್ಮ ಮನೆ ಇಳಿಯಲ್ಲ ಎಂದರೆ ಬೇರೆಯವರನ್ನು ಹುಡುಕಿ.

ಎರಡನೆಯದು ನೀರು. ನೈರುತ್ಯ ಮೂಲೆಯ ಕೆಳಗಿನ ದಿಮ್ಮಿ ಮೇಲಿಂದ ಚೆನ್ನಾಗೇ ಕಾಣುತ್ತಿತ್ತು. ನಾಲ್ಕನೇ ವರ್ಷ ಸುಮ್ನೆ ಸ್ಕ್ರೂಡ್ರೈವರ್ ಒತ್ತಿ ನೋಡಿದೆ. ಹಿಡಿ ತನಕ ಒಳಗೆ ಹೋಯಿತು. ಎಳೆದಾಗ ನೆನೆದ ಕಾಗದದ ಹಾಗೆ ಕಂದು ಪುಡಿ ಅಂಟಿಕೊಂಡು ಬಂತು, ಅಣಬೆ ವಾಸನೆ. ಕಾರಣ ಗೆದ್ದಲು ಅಲ್ಲ, ಇರಚಲು. ಸೂರಿನ ನೀರು ಅಂಗಳಕ್ಕೆ ಬಿದ್ದು ಸಿಡಿದು ಆ ದಿಮ್ಮಿಯನ್ನು ನಾಲ್ಕು ತಿಂಗಳು ಒಣಗಲು ಬಿಟ್ಟಿರಲಿಲ್ಲ. ಮರದಲ್ಲಿ ನೀರಿನಂಶ ನೂರಕ್ಕೆ 20ರ ಕೆಳಗೆ ಇದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಅದು ದಾಟಿ ಹಸಿಯಾಗೇ ಉಳಿದರೆ ಯಾವ ಮರವೂ ಕಡೆಗೆ ಸೋಲುತ್ತದೆ.

ನಮ್ಮ ಹಳೇ ಮನೆಗಳನ್ನು ಆಮೇಲೆ ಬೇರೆ ಕಣ್ಣಿಂದ ನೋಡಿದೆ. ಕುಪ್ಪಳಿಯ ಕವಿಮನೆಗೆ ಹೋಗಿ ನೋಡಿ, ನಿಮ್ಮ ಜಾಗಕ್ಕೆ ಹತ್ತಿರವೇ. ಎಷ್ಟೊಂದು ಮರ ಇದೆ ಆ ಮನೆಯಲ್ಲಿ! ಕಂಬ, ತೊಲೆ, ಮುಚ್ಚಿಗೆ ಎಲ್ಲ ಮರ. ಆದರೆ ಮರ ಇರುವುದು ಮಾಡಿನ ನೆರಳಲ್ಲಿ. ಮಳೆ ಹೊಡೆಯುವ ಕಡೆ ಗೋಡೆಗೆ ಹಿರಿಯರು ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಒಲೆಯ ಹೊಗೆ ಅಟ್ಟಕ್ಕೆ ಏರಿ ಪಕಾಸಿಗಳನ್ನು ಒಣಗಿಸಿ ಹುಳ ಹತ್ತದ ಹಾಗೆ ನೋಡಿಕೊಳ್ಳುತ್ತಿತ್ತು. ದಿಮ್ಮಿ ಮನೆ ಹುಟ್ಟಿದ್ದು ಫಿನ್ಲೆಂಡ್, ರಷ್ಯಾದಂಥ ಚಳಿ ದೇಶಗಳಲ್ಲಿ. ಅಲ್ಲಿ ದಪ್ಪ ಗೋಡೆ ಬೇಕಾಗಿದ್ದು ಚಳಿ ತಡೆಯಲು. ನಮಗೆ ಬೇಕಾಗಿರುವುದು ಗೋಡೆಗೆ ನೀರು ತಾಗದ ಹಾಗೆ ನೋಡಿಕೊಳ್ಳುವ ಮಾಡು ಮತ್ತು ಪಾಯ.

ಹಾಗಾಗಿ ನನ್ನ ಸಲಹೆ: ಕಿಟಕಿಯ ಕೆಳಮಟ್ಟದ ತನಕ ಜಂಬಿಟ್ಟಿಗೆ ಗೋಡೆ ಎಬ್ಬಿಸಿ, ದಿಮ್ಮಿ ಅದರ ಮೇಲಿಂದ ಶುರುವಾಗಲಿ. ಇಲ್ಲ, ಪೂರ್ತಿ ದಿಮ್ಮಿಯೇ ಬೇಕು ಎಂದರೆ ಪಾಯ ನೆಲದಿಂದ ಎರಡೂವರೆ ಅಡಿ ಮೇಲೆ ಬರಲಿ. ಗೋಡೆಯಿಂದಾಚೆ ಸೂರಿನ ಚಾಚು ನಾಲ್ಕು ಅಡಿಗೆ ಕಡಿಮೆ ಬೇಡ, ಸುತ್ತಲೂ ಜಗಲಿ ಸಿಕ್ಕರೆ ಇನ್ನೂ ಒಳ್ಳೆಯದು. ನಾವು ಆ ಮೂಲೆಯ ಎರಡು ದಿಮ್ಮಿ ತೆಗೆದು ಕಲ್ಲು ಕಟ್ಟಿಸಿ, ಪಶ್ಚಿಮಕ್ಕೆ ಜಗಲಿ ಇಳಿಸಿದೆವು. ಅವತ್ತಿಂದ ಆ ತೊಂದರೆ ಇಲ್ಲ.

ಗೆದ್ದಲಿಗೆ ಬರುತ್ತೇನೆ. ಅದು ಮಣ್ಣಿನಿಂದ ಮಣ್ಣಿನ ದಾರಿ ಕಟ್ಟಿಕೊಂಡೇ ಮೇಲೆ ಬರುತ್ತದೆ. ಪಾಯ ತೋಡಿದಾಗಲೇ ಮಣ್ಣಿಗೆ ಔಷಧಿ ಹಾಕಿಸಿ, ಐಎಸ್ 6313 ಎಂಬ ಮಾನದಂಡದ ಪ್ರಕಾರ ಮಾಡಿ ಎಂದು ಬರೆಸಿಕೊಳ್ಳಿ. ಪಾಯದ ಕಲ್ಲಿನ ಮೇಲೆ, ದಿಮ್ಮಿಯ ಅಡಿಗೆ, ತುದಿ ಕೆಳಗೆ ಬಾಗಿಸಿದ ತಗಡು ಹಾಕಿಸಿ. ತಗಡು ಗೆದ್ದಲನ್ನು ಕೊಲ್ಲುವುದಿಲ್ಲ. ಅದು ತಗಡು ಸುತ್ತಿ ಬರಬೇಕಾಗುತ್ತದೆ, ಆಗ ಮಣ್ಣಿನ ದಾರಿ ನಿಮ್ಮ ಕಣ್ಣಿಗೆ ಬೀಳುತ್ತದೆ. ಗೋಡೆಗೆ ಒರಗಿಸಿ ಸೌದೆ ಒಟ್ಟಬೇಡಿ, ಹೂವಿನ ಮಡಿ ಮಾಡಬೇಡಿ. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಸುತ್ತು ಹಾಕಿ. ನೀವು ಬೆಂಗಳೂರಿನಲ್ಲೇ ಇದ್ದು ವರ್ಷಕ್ಕೆರಡು ಸಲ ಬರುವವರಾದರೆ ಈ ಸುತ್ತು ಹಾಕಲು ಇಲ್ಲಿ ಒಬ್ಬರು ಬೇಕೇ ಬೇಕು.

ಯಾವ ಮರ? ಲೆಕ್ಕ ಹಾಕೋಣ. 20 ಅಡಿಗೆ 15 ಅಡಿಯ ಒಂದು ಕೋಣೆ, ಎಂಟು ಇಂಚು ದಪ್ಪದ ದಿಮ್ಮಿ. ದಿಮ್ಮಿಗೆ ಉದ್ದಕ್ಕೂ ಗಾಡಿ, ಅಂದರೆ ತೋಡು, ಹೊಡೆದು ಒಂದರ ಮೇಲೊಂದು ಕೂರಿಸಿದರೆ ಸಾಲಿಗೆ ಏಳು ಇಂಚು ಸಿಗುತ್ತದೆ. ಒಂಬತ್ತು ಅಡಿಗೆ ಹದಿನೈದು ಸಾಲು ದಾಟುತ್ತದೆ. ಸುತ್ತಳತೆ 70 ಅಡಿ. ಅಲ್ಲಿಗೆ ಸಾವಿರ ಅಡಿಗೂ ಜಾಸ್ತಿ ದಿಮ್ಮಿ, ಸುಮಾರು 370 ಘನ ಅಡಿ ಮರ. ಇದು ಗೋಡೆಗೆ ಮಾತ್ರ, ಮಾಡು ಬೇರೆ. ಇದನ್ನು ಸಾಗುವಾನಿಯ ಇವತ್ತಿನ ದರಕ್ಕೆ ಗುಣಿಸಿ ನೋಡಿ, ಖರ್ಚಿನ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ. ನಾವು ಗೋಡೆಗೆ ಸಿಲ್ವರ್ ಓಕ್ ಹಾಕಿದೆವು, ಬಾಗಿಲಿಗೆ ಮಾತ್ರ ಹಲಸು. ಸಿಲ್ವರ್ ಓಕ್ ನೆಟ್ಟಗೆ ಬೆಳೆಯುತ್ತದೆ, ಕಾಫಿ ತೋಟಗಳಲ್ಲಿ ಸಿಗುತ್ತದೆ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅದನ್ನು ಕಡಿಯಲು ಅನುಮತಿಯಿಂದ ವಿನಾಯಿತಿ ಇದೆ. ಆದರೆ ಅದರಲ್ಲಿ ಸ್ವಂತ ಶಕ್ತಿ ಕಡಿಮೆ, ಹುಳ ಬೇಗ ಹತ್ತುತ್ತದೆ. ಸಿಪ್ಪೆ ತೆಗೆದು ಬೋರಾಕ್ಸ್, ಬೋರಿಕ್ ಆಸಿಡ್ ದ್ರಾವಣ ಕುಡಿಸದೆ ಕೂರಿಸಲೇಬೇಡಿ. ಈ ಔಷಧಿ ನೀರಿಗೆ ತೊಳೆದು ಹೋಗುತ್ತದೆ, ಸೂರು ದೊಡ್ಡದಿರಲಿ ಎನ್ನಲು ಅದೂ ಒಂದು ಕಾರಣ. ನೀಲಗಿರಿ ಅಗ್ಗ, ಒಣಗುವಾಗ ತಿರುಚಿ ಸೀಳುತ್ತದೆ, ದಿಮ್ಮಿ ಗೋಡೆಗೆ ಬೇಡ. ಮತ್ತಿ, ಹೊನ್ನೆ, ಸಾಗುವಾನಿಯ ಕೆಚ್ಚು, ಅಂದರೆ ಒಳಗಿನ ಗಟ್ಟಿ ಮರ, ಬೇಕೆಂದರೆ ಅರಣ್ಯ ಇಲಾಖೆಯ ನಾಟಾ ಹರಾಜಿನಲ್ಲಿ ಕೊಂಡು, ಸಾಗಣೆ ಪರವಾನಗಿ ಜೋಪಾನವಾಗಿ ಇಟ್ಟುಕೊಳ್ಳಿ. ಬಿಲ್ಲಿಲ್ಲದ ಮರ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಯಾವ ಮರ ಎಂದು ಅನುಮಾನ ಬಂದರೆ ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಯಲ್ಲಿ ತುಂಡು ನೋಡಿ ಗುರುತಿಸಿ ಕೊಡುತ್ತಾರೆ, ನಿಮಗೆ ಅದು ಊರಲ್ಲೇ ಇದೆ.

ಹೊರಗಿನ ಬಣ್ಣದಲ್ಲಿ ಒಂದು ಪಾಠ ಕಲಿತೆ. ವಾರ್ನಿಶ್ ಪದರ ನಮ್ಮ ಮಳೆಗೆ ಎದ್ದು ಬರುತ್ತದೆ, ಅದರಡಿ ನೀರು ನಿಲ್ಲುತ್ತದೆ. ಅಗಸೆ ಎಣ್ಣೆ ಹಚ್ಚಿದ ಕಡೆ ಆಗಸ್ಟ್‌ನಲ್ಲಿ ಕಪ್ಪು ಬೂಷ್ಟು ಹಿಡಿಯಿತು. ಕೊನೆಗೆ ಉಳಿದದ್ದು ಅಜ್ಜನ ಕಾಲದ ಗೇರೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ. ಬಣ್ಣ ಕಪ್ಪಾಗುತ್ತದೆ, ಮರ ಉಳಿಯುತ್ತದೆ. ಹಚ್ಚುವಾಗ ಕೈಗವಸು ಹಾಕಿಕೊಳ್ಳಿ, ಚರ್ಮ ಸುಟ್ಟು ಗುಳ್ಳೆ ಏಳುತ್ತದೆ.

ಕಿಟ್, ಅಂದರೆ ಕಾರ್ಖಾನೆಯಲ್ಲೇ ಕೊಯ್ದು ಬರುವ ಜೋಡಿಸುವ ಮನೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಣಗಿಸಿದ ಪೈನ್, ಕೆತ್ತನೆ ನಿಖರ, ಕೂರಿಸುವುದು ಸುಲಭ. ಆದರೆ ಒತ್ತಡದಲ್ಲಿ ಔಷಧಿ ತುಂಬಿಸಿದ ಮರವೇ ಎಂದು ಕಾಗದ ಕೇಳಿ. ಉದ್ದದ ಲಾರಿ ನಿಮ್ಮ ಜಾಗದ ತನಕ ಬರುತ್ತದಾ ನೋಡಿ, ಆಗುಂಬೆ ಘಾಟಿಯ ತಿರುವುಗಳಲ್ಲಿ ಅದು ತಿರುಗುವುದಿಲ್ಲ. ಬೆಂಕಿ ಭಯ ಅಂದುಕೊಂಡಷ್ಟಿಲ್ಲ. ದಪ್ಪ ದಿಮ್ಮಿ ಹೊರಗಿಂದ ಇದ್ದಿಲಾಗುತ್ತಾ ನಿಮಿಷಕ್ಕೆ ಒಂದು ಮಿಲಿಮೀಟರಿಗೂ ಕಡಿಮೆ ಸುಡುತ್ತದೆ. ವೈರಿಂಗ್ ಮಾತ್ರ ಕೊಳವೆಯೊಳಗೇ ಇರಲಿ. ಸಾಲ ಬೇಕಿದ್ದರೆ, ಮರ ಕೊಳ್ಳುವ ಮೊದಲೇ ಬ್ಯಾಂಕಿನಲ್ಲಿ ಕೇಳಿ. ನನಗೆ ಮರದ ಗೋಡೆಗೆ ಸಾಲ ಸಿಗಲಿಲ್ಲ.

ಕಡೆಯದಾಗಿ ಜಾಗ. ಇದನ್ನೇ ನೀವು ಮೊದಲು ಮಾಡಬೇಕು. ಭೂ ಸುಧಾರಣಾ ಕಾಯ್ದೆಗೆ 2020ರ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಸರಿ. ಆದರೆ ಮಲೆನಾಡಿನಲ್ಲಿ ಖಾತೆ ಜಮೀನಿಗೆ ಅಂಟಿಕೊಂಡೇ ಸೊಪ್ಪಿನಬೆಟ್ಟ, ಕಾನು, ಗೋಮಾಳದಂಥ ಸರ್ಕಾರಿ ಜಾಗಗಳು ಇರುತ್ತವೆ. ತೋರಿಸುವವರು ಬೇಲಿ ತನಕ ನಮ್ಮದೇ ಎನ್ನುತ್ತಾರೆ. ಪಹಣಿ ತೆಗೆಸಿ, ಸರ್ವೆ ಮಾಡಿಸಿ, ಕಲ್ಲು ಎಲ್ಲಿದೆ ಕಾಲಲ್ಲಿ ಮುಟ್ಟಿ ನೋಡಿ. ಮನೆ ಕಟ್ಟುವ ಭಾಗಕ್ಕೆ ಭೂ ಪರಿವರ್ತನೆ ಆಗಬೇಕು.

ಮತ್ತೆ, ತೀರ್ಥಹಳ್ಳಿ ಕಡೆ ಎಂದಷ್ಟೇ ಬರೆದಿದ್ದೀರಿ, ಯಾವ ದಿಕ್ಕಿಗೆ ಎಂದು ಹೇಳಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಶಿವಮೊಗ್ಗ ಪೇಟೆಯಲ್ಲಿ ಸಾವಿರದ ಆಸುಪಾಸು. ಎರಡೂ ಒಂದೇ ಜಿಲ್ಲೆ. ನಾನು ಮೇಲೆ ಹೇಳಿದ ಅಳತೆಗಳು ತೀರ್ಥಹಳ್ಳಿ ಸುತ್ತಮುತ್ತಲಿಗೆ. ಆಗುಂಬೆ ಹತ್ತಿರವಾದರೆ ಪೂರ್ತಿ ದಿಮ್ಮಿ ಗೋಡೆ ಬೇಡ ಎಂದೇ ಹೇಳುತ್ತೇನೆ. ನೀವು ಜಾಗ ನೋಡಿದ್ದು ಡಿಸೆಂಬರ್‌ನಲ್ಲಿ ಇರಬೇಕು, ಆಗ ಎಲ್ಲ ಜಾಗವೂ ಚೆಂದ. ಅಡ್ವಾನ್ಸ್ ಕೊಡುವ ಮುಂಚೆ ಜುಲೈನಲ್ಲಿ ಎರಡು ದಿನ ಬಂದು ಉಳಿದು, ಮಳೆ ಹೊಡೆಯುವಾಗ ಆ ಜಾಗದಲ್ಲಿ ನಿಂತು ನೀರು ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತದೆ ಎಂದು ನೋಡಿಕೊಳ್ಳಿ. ಮನೆಯನ್ನು ಎಲ್ಲಿ ಕೂರಿಸಬೇಕು, ಜಗಲಿ ಯಾವ ಕಡೆಗೆ ಎಂಬುದನ್ನು ಅದಾದ ಮೇಲೆ ಆಚಾರಿಯ ಜೊತೆ ಕೂತು ಮಾತಾಡಿ.